ಒಂದನ್ನು ಕೊಯ್ದು ನೋಡಿ

ಮಾರ್ಚ್ 9, ಸೋಮವಾರ

ಇಡೀ ದಿನ ಶೆಡ್ಡಿನಲ್ಲೇ ಹೋಯಿತು. ನಮ್ಮ ವಾಪಿಟಿ ಜಿಂಕೆಗಳ ಮರಿಗಳನ್ನು ತಾಯಂದಿರಿಂದ ಬೇರೆ ಮಾಡಿ ಮೂರು ದಿನವಾದರೂ ರಂಪ ನಿಂತಿಲ್ಲ. ಮನೆಯ ಮುಂದೆ ಮರಿಗಳು, ಹಿಂದೆ ತಾಯಂದಿರು, ನಡುವೆ ನಮ್ಮ ಮಲಗುವ ಕೋಣೆ. ನಿದ್ದೆಯ ಮಾತೇ ಬೇಡ.

ಎಲ್ಲದರ ಬೆನ್ನಿಗೂ ಜಂತುಹುಳದ ಔಷಧಿ ಸುರಿದಾಯಿತು. ಹೆಗಲಿನಿಂದ ಬಾಲದವರೆಗೆ ಒಂದೊಂದು ನೀಲಿ ಗೆರೆ. ವರ್ಷಗಳಿಂದ ಅದೇ ಔಷಧಿ, ಅದೇ ಗೆರೆ. ಇನ್ನು ಜೂನಿನ ಚಳಿಗಾಲದವರೆಗೆ ಚಿಂತೆಯಿಲ್ಲ ಎಂದು ಮರ್ವ್ ಪ್ಯಾಂಟಿಗೆ ಕೈ ಒರೆಸಿಕೊಂಡ. ಹೊಸ ಪ್ಯಾಂಟು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಗಂಡನಿಗೆ ಟವೆಲ್ ಎಂಬ ವಸ್ತುವಿದೆ ಎಂದು ಕಲಿಸಲಾಗಲಿಲ್ಲ.

ತಾಯಂದಿರಲ್ಲಿ ಎಡಿತ್ ಇಳಿದುಹೋಗಿದೆಯೇ? ಔಷಧಿ ಸುರಿಯುವಾಗ ಬೆನ್ನುಮೂಳೆ ಕೈಗೆ ಸಿಕ್ಕಿತು. ಮರ್ವ್‌ಗೆ ಹೇಳಿದೆ. ಮರಿಗೆ ಹಾಲು ಕೊಟ್ಟು ಸೊರಗಿದ್ದಾಳೆ, ಮನೆಯ ಮುಂದಿನ ಹುಲ್ಲುಗಾವಲಿಗೆ ಬಿಟ್ಟರೆ ತಿಂಗಳಲ್ಲಿ ತುಂಬಿಕೊಳ್ಳುತ್ತಾಳೆ ಎಂದ. ಎಡಿತ್ ಅವನಿಗೆ ಯಾವಾಗಲೂ ‘ಅವಳು’. ನನ್ನ ವಿಷಯ ಬಂದರೆ ‘ನಮ್ಮನೇದು’.

ಮಾರ್ಚ್ 18

ಪಕ್ಕದ ಜಮೀನಿನ ಡೆಸ್ ಬಂದಿದ್ದ. ಈ ವರ್ಷದ ಮೊದಲ ಬ್ಲಫ್ ಬಂದರಿನ ಆಯ್ಸ್ಟರ್ ಚಿಪ್ಪು ತಂದಿದ್ದ, ಜೊತೆಗೆ ಆಕ್ಲೆಂಡಿನ ಭಾವಮೈದುನನನ್ನೂ. ಹೊಸ ಕಿವಿ ಸಿಕ್ಕರೆ ಮರ್ವ್ ಬಿಡುತ್ತಾನೆಯೇ? ಫಿಯೋರ್ಡ್‌ಲ್ಯಾಂಡಿನ ಕಾಡಿನ ಕಥೆ ಶುರು. ಹೆಲಿಕಾಪ್ಟರಿನ ಬಾಗಿಲಿನಿಂದ ಓಡುವ ವಾಪಿಟಿಯ ಬೆನ್ನಿಗೇ ಹಾರಿದ್ದು, ಹೆಗಲೆಲುಬು ಮುರಿದದ್ದು, ಆದರೂ ಕೊರಳು ಬಿಡದೆ ಕಟ್ಟಿಹಾಕಿದ್ದು. ಹಾಗೆ ತಂದ ಎರಡು ಹೆಣ್ಣು, ಒಂದು ಗಂಡು – ಅವುಗಳ ಮೊಮ್ಮಕ್ಕಳು ಮರಿಮಕ್ಕಳೇ ಈಗ ಮನೆಯ ಮುಂದೆ ಮೇಯುತ್ತಿರುವುದು. ಕಾಡಿನಲ್ಲಿ ಉಳಿದವು ಕೆಂಪು ಜಿಂಕೆಗಳ ಜೊತೆ ಬೆರೆತುಹೋದವು, ಚೊಕ್ಕ ವಾಪಿಟಿ ರಕ್ತ ನೋಡಬೇಕಾದರೆ ನನ್ನ ಬೇಲಿಯೊಳಗೇ ನೋಡಬೇಕು – ಇಷ್ಟು ಹೇಳಿ ಆಯ್ಸ್ಟರ್ ನುಂಗುತ್ತಾನೆ.

ಡೆಸ್ ಸುಮ್ಮನಿರುವವನಲ್ಲ. ಭಾವಮೈದುನನಿಗೆ ಹೇಳಿದ, "ಇವನ ಪೂರ್ತಿ ಕಥೆ ಕೇಳ್ಬೇಡ. ಹಿಡಿಯೋಕೆ ಮುಂಚೆ ಅದೇ ಹೆಲಿಕಾಪ್ಟರಿಂದ ಸಾವಿರಗಟ್ಲೆ ಹೊಡೆದುರುಳಿಸಿದಾನೆ. ಆಮೇಲೆ ಮೂರನ್ನ ಹಿಡ್ಕೊಂಡು ಬಂದು ಸಂತ ಆಗ್ಬಿಟ್ಟ."

ಮರ್ವ್ ನಕ್ಕ. ಅದು ನಿಜವೇ. ಆ ಕಾಲದಲ್ಲಿ ಜಿಂಕೆ ಎಂದರೆ ಪಿಡುಗು, ಮಾಂಸಕ್ಕೆ ಹೊಡೆದವರಿಗೆ ಸಂಬಳ.

ಅವರು ಹೋದ ಮೇಲೆ ನೋಡಿದೆ. ಮೂರ್ನಾಲ್ಕು ಮರಿಗಳ ಬಾಲ ಗಲೀಜಾಗಿದೆ. ಹಿಕ್ಕೆ ಗಟ್ಟಿಯಿಲ್ಲ, ಸಗಣಿಯ ಹಾಗೆ ಬೀಳುತ್ತಿದೆ. ಔಷಧಿ ಸುರಿದು ಹತ್ತು ದಿನವೂ ಆಗಿಲ್ಲ.

ಮಾರ್ಚ್ 21

ಹುಲ್ಲು ಎಳೆಯದು, ಅದಕ್ಕೇ ಭೇದಿ – ಇದು ಮರ್ವ್. ತಾಮ್ರ ಕಡಿಮೆಯಾಗಿರಬೇಕು – ಇದೂ ಮರ್ವ್, ಮಧ್ಯಾಹ್ನದ ಮೇಲೆ. ತಾಮ್ರದ ಗುಳಿಗೆ ತಂದು ಒಂದೊಂದರ ಬಾಯಿಗೂ ತುರುಕಿದ್ದಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆದರೂ ನಾನೇ ತಲೆ ಹಿಡಿದುಕೊಂಡು ನಿಂತೆ, ಒದೆ ತಿಂದೆ. ತೊಡೆ ಹಸಿರುಗಟ್ಟಿದೆ.

ಗುಡ್ಡದ ಮೇಲಿನ ನಮ್ಮವೇ ಕೆಂಪು ಜಿಂಕೆಗಳಿಗೆ ಏನೂ ಆಗಿಲ್ಲ. ಅಲ್ಲಿ ಒರಟು ಹುಲ್ಲು, ಕಲ್ಲು, ಗಾಳಿ. ನಾವು ತಿರುಗಿಯೂ ನೋಡುವುದಿಲ್ಲ ಅವುಗಳನ್ನು. ದುಂಡಗಿವೆ.

ಮಾರ್ಚ್ 27

ಹಿಕ್ಕೆಯ ಟೆಸ್ಟ್ ರಿಪೋರ್ಟ್ ಬಂತು. ಜಂತುಹುಳದ ಮೊಟ್ಟೆ – ಇಲ್ಲ. ಹನ್ನೆರಡು ಪ್ರಾಣಿಗಳ ಹಿಕ್ಕೆ ಕಳಿಸಿದ್ದೆವು, ಒಂದರಲ್ಲೂ ಇಲ್ಲವೆನ್ನುವಷ್ಟು ಕಡಿಮೆ.

ಮರ್ವ್ ಮಾಸ್‌ಬರ್ನ್ ಪೇಟೆಗೆ ಹೋಗಿ ಇಬ್ಬರಿಗೂ ಮಾಂಸದ ಪೈ ತಂದ. ಇಷ್ಟು ದಿನದ ಮೇಲೆ ಶಿಳ್ಳೆ ಹಾಕಿಕೊಂಡು ಒಳಗೆ ಬಂದ. ನನಗೂ ಹಗುರಾಯಿತು, ಸುಳ್ಳೇಕೆ. ಪೈ ಬಿಸಿಯಾಗಿತ್ತು. ಅದನ್ನು ತಿನ್ನುತ್ತ ಇಬ್ಬರೂ ಕಿಟಕಿಯಿಂದ ಎಡಿತನ್ನು ನೋಡಿದೆವು. ಹುಲ್ಲು ಮೊಣಕಾಲುದ್ದ. ತಲೆ ತಗ್ಗಿಸಿ ಮೇಯುತ್ತಿತ್ತು, ಬೆನ್ನು ಗುಡಾರದ ಹಾಗೆ ಎದ್ದು ಕಾಣುತ್ತಿತ್ತು.

ಏಪ್ರಿಲ್ 3, ಶುಕ್ರವಾರ

ಪ್ರಾಣಿಗಳ ಡಾಕ್ಟರ್ ಮೆರೆಆನ ಬಂದಿದ್ದಳು. ನಾನೇ ಫೋನ್ ಮಾಡಿದ್ದು. ಮರ್ವ್ ಅದಕ್ಕೇ ಮುಖ ಊದಿಸಿಕೊಂಡಿದ್ದ – ರಿಪೋರ್ಟ್ ಬಂದಿದೆಯಲ್ಲ, ಇನ್ನೇನು ಕೆಲಸ ಅವಳಿಗೆ ಇಲ್ಲಿ, ಅಂತ. ಅವಳು ಬಂದವಳೇ ಚಹಾ ಕೂಡ ಕುಡಿಯದೆ ಬೇಲಿಯ ಬಳಿ ನಿಂತಳು. ತುಂಬ ಹೊತ್ತು ನಿಂತಳು.

ಒಳಗೆ ಕೂತ ಮೇಲೆ ಹೇಳಿದಳು. ಕುರಿಯ ಹಿಕ್ಕೆಯನ್ನು ನಂಬಬಹುದು, ಜಿಂಕೆಯದನ್ನು ನಂಬಲಾಗದು. ಜಿಂಕೆಯ ನಾಲ್ಕನೇ ಹೊಟ್ಟೆಯ ಗೋಡೆಯೊಳಗೆ ಹುಳ ಹೂತು ಕೂತಿರುತ್ತದೆ. ಮೊಟ್ಟೆ ಇಡುವುದೇ ಇಲ್ಲ, ಇಟ್ಟರೂ ಒಂದೋ ಎರಡೋ. ಹೊಟ್ಟೆ ಹಾಳಾಗಿಹೋಗಿದ್ದರೂ ಹಿಕ್ಕೆ ಚೊಕ್ಕವಾಗಿರುತ್ತದೆ. ಕೆಂಪು ಜಿಂಕೆ ಹೇಗೋ ತಡೆದುಕೊಳ್ಳುತ್ತದೆ, ವಾಪಿಟಿ ತಡೆಯುವುದಿಲ್ಲ – ದೊಡ್ಡದಾದ ಮೇಲೂ ತಡೆಯುವುದಿಲ್ಲ.

ವರ್ಷಕ್ಕೆರಡು ಸಲ ಔಷಧಿ ಸುರಿದಿದ್ದೇನೆ, ಎಂದ ಮರ್ವ್. ಅದೇ ಔಷಧಿಯನ್ನು ಸುರಿದಿದ್ದೀರಿ, ಎಂದಳು ಅವಳು. ಅದಕ್ಕೆ ಬಗ್ಗದ ಹುಳ ಈಗ ಹುಟ್ಟಿಕೊಂಡಿರಬಹುದು. ಊಹೆಯ ಮೇಲೆ ಔಷಧಿ ಬದಲಿಸಲಾರೆ, ಒಳಗೆ ಏನಿದೆ ಎಂದು ಮೊದಲು ಕಣ್ಣಾರೆ ನೋಡಬೇಕು.

"ಒಂದನ್ನ ಕೊಯ್ದು ನೋಡಿ, ಮರ್ವ್. ಕಾಯಿಲೆ ಇರ್ಬೇಕು, ಆದ್ರೆ ಇನ್ನೂ ಕಾಲ ಮೇಲೆ ನಿಂತಿರ್ಬೇಕು. ಸತ್ತಿದ್ದು ಬೇಡ. ಸತ್ತು ಒಂದು ರಾತ್ರಿ ಕಳೆದ್ರೆ ಒಳಗೆ ಎಲ್ಲ ಕರಗಿಹೋಗಿರುತ್ತೆ, ಏನೂ ಗೊತ್ತಾಗಲ್ಲ."

"ಯಾವುದನ್ನ ಕೊಡ್ಲಮ್ಮ ನಿನಗೆ?"

"ಯಾವುದಾದ್ರೂ ಸರಿ."

"ಯಾವುದಾದ್ರೂ ಅನ್ನೋದು ಇಲ್ಲಿಲ್ಲ. ಎಲ್ಲಕ್ಕೂ ಹೆಸರಿದೆ."

ಅವಳು ನನ್ನ ಕಡೆ ನೋಡಿದಳು. ನಾನು ಚೀಸ್ ರೋಲಿನ ತಟ್ಟೆ ಅವಳ ಮುಂದೆ ತಳ್ಳಿದೆ.

ಏಪ್ರಿಲ್ 4

ಬೆಳಿಗ್ಗೆ ಸ್ವಲ್ಪ ಜಗಳ. ಒಂದನ್ನು ಕೊಟ್ಟರೆ ಉಳಿದವು ಉಳಿಯಬಹುದಲ್ಲ ಎಂದೆ. ಇರುವುದೇ ಬೊಗಸೆಯಷ್ಟು, ಅದರಲ್ಲಿ ಅವಳ ಕುತೂಹಲಕ್ಕೆ ಒಂದು ಬಲಿಯೇ ಎಂದ. ರಿಪೋರ್ಟಿನಲ್ಲಿ ಇಲ್ಲ ಅಂದರೆ ಇಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

"ಒಂದು ಕಾಲದಲ್ಲಿ ಮಧ್ಯಾಹ್ನದ ಊಟದೊಳಗೆ ನೂರು ಹೊಡೀತಿದ್ದೆ ಅಂತೀಯ. ಈಗ ಒಂದಕ್ಕೆ ಕೈ ಬರಲ್ವಾ?"

ಬಾಯಿಂದ ಬಂದುಬಿಟ್ಟಿತು. ಅವನು ಬೂಟು ಹಾಕಿಕೊಂಡು ಹೊರಗೆ ಹೋದ. ಊಟಕ್ಕೂ ಬರಲಿಲ್ಲ.

ಏಪ್ರಿಲ್ 12, ಈಸ್ಟರ್

ಗುಡ್ಡದ ಮೇಲೆ ಕೆಂಪು ಗಂಡುಗಳು ಹಗಲೂ ರಾತ್ರಿ ಗರ್ಜಿಸುತ್ತಿವೆ. ಬೆದೆಯ ಕಾಲ. ನಮ್ಮ ಗಂಡು ವಾಪಿಟಿ ಜಾರ್ಜ್ ಮಾತ್ರ ಬಾಯಿ ಬಿಟ್ಟಿಲ್ಲ. ಇಷ್ಟು ಹೊತ್ತಿಗೆ ಅದರ ಸೀಟಿಯ ಕೂಗು ರಸ್ತೆಯವರೆಗೂ ಕೇಳಬೇಕು – ಅಷ್ಟು ದೊಡ್ಡ ಮೈಯಿಂದ ಅಷ್ಟು ತೆಳ್ಳನೆಯ ಕೂಗು, ಕೇಳಿದವರು ನಗುತ್ತಾರೆ. ಹೆಣ್ಣುಗಳ ನಡುವೆ ಬಿಟ್ಟರೆ ಮೂಲೆಯಲ್ಲಿ ಹೋಗಿ ಮಲಗಿತು. ಕೊಂಬು ಭಾರವಾದ ಹಾಗೆ ತಲೆ ನೆಲಕ್ಕೆ ಇಟ್ಟುಕೊಂಡಿದೆ.

ಮರ್ವ್ ಬೇಲಿಯ ಮೇಲೆ ಕೈಯಿಟ್ಟು ನಿಂತು ತಾನೇ ಸೀಟಿ ಹಾಕಿದ, ಬೇರೆ ಗಂಡು ಬಂದಿದೆ ಎಂದು ಅದಕ್ಕೆ ರೇಗಲಿ ಅಂತ. ಒಂದು ಸಲ, ಎರಡು ಸಲ. ಜಾರ್ಜ್ ಕಿವಿ ಅಲ್ಲಾಡಿಸಿತು, ಅಷ್ಟೇ. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ ಎಂದು ಅವನಿಗೆ ಗೊತ್ತಿಲ್ಲ. ನೋಡಬಾರದಿತ್ತು. ಕುರಿಯ ಮಾಂಸ ಒಲೆಯಲ್ಲಿ ಸೀದುಹೋಯಿತು.

ಏಪ್ರಿಲ್ 26

ನಿನ್ನೆ ಆನ್‌ಜಾಕ್ ದಿನ, ಯುದ್ಧದಲ್ಲಿ ಮಡಿದವರ ನೆನಪಿಗೆ. ಬೆಳಿಗ್ಗೆ ಸ್ಮಾರಕದ ಬಳಿ ಹೋಗಿ, ಡೆಸ್‌ನ ಮನೆಯಲ್ಲಿ ಊಟ ಮುಗಿಸಿ ಬಂದೆವು. ಹುಲ್ಲುಗಾವಲಿನ ಹಿಂದಿನ ಅಂಚಿನಲ್ಲಿ ಹೆಣ್ಣುಗಳಲ್ಲೊಂದಾದ ಆಲಿಸ್ ಬಿದ್ದಿದ್ದನ್ನು ಯಾರೂ ನೋಡಿರಲಿಲ್ಲ. ಇವತ್ತು ಮರ್ವ್ ನೋಡಿದ. ಹೊಟ್ಟೆ ಊದಿತ್ತು.

ಮೆರೆಆನ ಭಾನುವಾರವಾದರೂ ಬಂದಳು. ಕೊಯ್ದು ನೋಡಿ ತಲೆಯಾಡಿಸಿದಳು. ಒಳಗೆಲ್ಲ ನೀರಾಗಿ ಹೋಗಿದೆ, ಏನೂ ಹೇಳುವ ಹಾಗಿಲ್ಲ. ಅದನ್ನೇ ಅಂದು ಹೇಳಿದ್ದಳು. ಈಗ ಮತ್ತೆ ಹೇಳಲಿಲ್ಲ, ಅದು ಅವಳ ದೊಡ್ಡತನ.

ಮರ್ವ್ ಗುಂಡಿ ತೋಡಿದ. ಸೊಂಟ ನೋವಿರುವವನು, ಯಂತ್ರ ತರಿಸೋಣವೆಂದರೆ ಕೇಳಲಿಲ್ಲ. ಗುದ್ದಲಿಯಲ್ಲೇ.

ಮೇ 6

ಇನ್ನೊಂದು ಹೋಯಿತು. ರಾತ್ರಿಯೇ ಹೋಗಿದೆ. ಇದೂ ಉಪಯೋಗಕ್ಕೆ ಬರಲಿಲ್ಲ.

ತಿನ್ನುತ್ತವೆ. ಅದೇ ನೋಡಲಾಗದ್ದು. ಇಡೀ ದಿನ ತಲೆಯೆತ್ತದೆ ತಿನ್ನುತ್ತವೆ, ದಿನದಿನಕ್ಕೆ ಬಟ್ಟೆ ಒಣಹಾಕುವ ಕಂಬಗಳ ಹಾಗೆ ಆಗುತ್ತಿವೆ. ಮರ್ವ್ ಬಾರ್ಲಿ ತಂದು ಹಾಕುತ್ತಿದ್ದಾನೆ, ಕಾಳಿನ ಮೇಲೆ ಕಾಕಂಬಿ ಪಾಕ ಸುರಿಯುತ್ತಿದ್ದಾನೆ. ನನಗೆ ಭಯವಾಗುತ್ತಿದೆ. ಜಿಂಕೆಗಳಿಗಷ್ಟೇ ಅಲ್ಲ. ಅವನು ರಾತ್ರಿ ಹೊಟ್ಟೆತುಂಬ ಊಟ ಮಾಡಿ ಎಷ್ಟು ದಿನವಾಯಿತು?

ಮೇ 11

ನಾಳೆ ಮರ್ವ್‌ಗೆ ಇನ್ವರ್‌ಕಾರ್ಗಿಲ್‌ನಲ್ಲಿ ಸೊಂಟದ ಡಾಕ್ಟರು. ಡೆಸ್ ಕರೆದುಕೊಂಡು ಹೋಗುತ್ತಾನೆ. ನಾನು ಬರುವುದಿಲ್ಲ ಎಂದೆ, ಮೇವು ಹಾಕುವವರು ಬೇಕಲ್ಲ ಎಂದೆ. ಅವನು ನಂಬಿದ.

ಮೆರೆಆನಳಿಗೆ ಫೋನ್ ಮಾಡಿದೆ. ಒಂದೇ ಮಾತು ಕೇಳಿದಳು – "ಮರ್ವ್‌ಗೆ ಗೊತ್ತಾ?" ನಾನು, ಹತ್ತು ಗಂಟೆಗೆ ಬಾ, ಎಂದೆ.

ಯಾವುದು? ಸಂಜೆಯಿಂದ ಅದೇ ಯೋಚನೆ. ಎಡಿತ್ ಅಲ್ಲ. ಜಾರ್ಜ್ ಅಲ್ಲ. ಹೆಣ್ಣುಗಳಲ್ಲಿ ಯಾವುದರ ಹೊಟ್ಟೆಯಲ್ಲಾದರೂ ಮರಿಯಿರಬಹುದು, ಹಾಗಾಗಿ ಅವೂ ಅಲ್ಲ. ಮರಿಗಳಲ್ಲೇ ಒಂದು. ಹರಕು ಕಿವಿಯದು. ತಂತಿಗೆ ಸಿಕ್ಕಿ ಕಿವಿ ಹರಿದುಕೊಂಡಿತ್ತು ಬೇಸಿಗೆಯಲ್ಲಿ, ನಾನೇ ಮುಲಾಮು ಹಚ್ಚಿದ್ದು. ಅದಕ್ಕೇ ನನ್ನನ್ನು ಕಂಡರೆ ಓಡುವುದಿಲ್ಲ, ಹಿಡಿಯುವುದು ಸುಲಭ.

ಇಂಥ ಲೆಕ್ಕ ಹಾಕುವ ಹೆಂಗಸು ನಾನು ಎಂದು ಇವತ್ತಿನವರೆಗೆ ಗೊತ್ತಿರಲಿಲ್ಲ.

ಮೇ 12, ಮಂಗಳವಾರ

ಆಯಿತು.

ಕರೆದರೆ ತಾನಾಗಿಯೇ ಶೆಡ್ಡಿಗೆ ಬಂತು. ನಾನು ಕತ್ತು ಹಿಡಿದುಕೊಂಡೆ, ಮೆರೆಆನ ಗುಂಡು ಹೊಡೆದಳು. ತಕ್ಷಣ ಹೋಯಿತು. ಕೈಯಲ್ಲಿ ಭಾರ ಇರಲೇ ಇಲ್ಲ, ಅದು ಬೀಳುವಾಗ – ಆ ವಯಸ್ಸಿನ ವಾಪಿಟಿಗೆ ನನ್ನನ್ನು ಎಳೆದು ಕೆಡವುವ ತೂಕವಿರಬೇಕು.

ನಾಲ್ಕನೇ ಹೊಟ್ಟೆಯನ್ನು ಬೇರೆ ತೆಗೆದು ಸೀಳಿ ನೀರಲ್ಲಿ ತೊಳೆದು ಬೆಳಕಿಗೆ ಹಿಡಿದು ತೋರಿಸಿದಳು. ನುಣುಪಾಗಿರಬೇಕಾದ ಒಳಗೋಡೆ ಪುಕ್ಕ ಕಿತ್ತ ಕೋಳಿಯ ಚರ್ಮದ ಹಾಗೆ, ಬೊಕ್ಕೆಬೊಕ್ಕೆ. ಒಂದು ಬೊಕ್ಕೆಗೂ ಇನ್ನೊಂದಕ್ಕೂ ನಡುವೆ ಜಾಗವಿಲ್ಲ. ಒಂದೊಂದರಲ್ಲೂ ಒಂದು ಹುಳ ಮಲಗಿದೆ ಅಂತೆ. ತೊಳೆದ ನೀರನ್ನು ಕಪ್ಪು ತಟ್ಟೆಗೆ ಬಗ್ಗಿಸಿದಳು. ಮೊದಲು ನನಗೆ ಏನೂ ಕಾಣಲಿಲ್ಲ. ಆಮೇಲೆ ನೀರೇ ಹರಿದಾಡುವುದು ಕಂಡಿತು. ಕೂದಲಿಗಿಂತ ತೆಳ್ಳಗೆ, ಉಗುರಿನ ಉದ್ದವೂ ಇಲ್ಲ.

ಸಾವಿರಗಳಲ್ಲಿವೆ, ಎಂದಳು. ನೀಲಿ ಗೆರೆ ಎಳೆದು ಎರಡೇ ತಿಂಗಳಾಗಿದೆ.

ಮತ್ತೆ ಹೊರಗೆ ನಿಂತು ಮುಂದಿನ ಹುಲ್ಲುಗಾವಲನ್ನು ತೋರಿಸಿ, ಎಷ್ಟು ವರ್ಷದಿಂದ ಇವುಗಳನ್ನು ಇಲ್ಲೇ ಮೇಯಿಸುತ್ತಿದ್ದೀರಿ ಎಂದು ಕೇಳಿದಳು. ಮೊದಲಿನಿಂದಲೂ, ಎಂದೆ. ಇಡೀ ಜಮೀನಿನಲ್ಲಿ ಒಳ್ಳೆಯ ಹುಲ್ಲು ಅದೊಂದೇ. ಗೊಬ್ಬರವೆಲ್ಲ ಅದಕ್ಕೇ. ವಾಪಿಟಿಗಲ್ಲದೆ ಬೇರೆ ಯಾವುದಕ್ಕೂ ಬಿಟ್ಟಿಲ್ಲ, ಒಂದು ಕುರಿಯನ್ನೂ ಬಿಟ್ಟಿಲ್ಲ. ಅವಳು ಬಗ್ಗಿ ಒಂದು ಹಿಡಿ ಹುಲ್ಲು ಕಿತ್ತಳು.

"ಬೇರೆ ಪ್ರಾಣಿ ಮೇಯ್ದಿದ್ರೆ ಹುಲ್ಲಿನ ಮೇಲಿರೋ ಹುಳದ ಮರಿನ ಅವು ತಿಂದು ಮುಗಿಸ್ತಿದ್ವು, ನೋಲಿನ್. ಅವುಗಳ ಹೊಟ್ಟೇಲಿ ಇವು ಬದುಕಲ್ಲ. ನೀವು ಬಿಡ್ಲೇ ಇಲ್ಲ. ವಾಪಿಟಿ ಜೊತೆಗೆ ಇದನ್ನೂ ಸಾಕಿದೀರಿ."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಬಯ್ಯಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು.

ಮರ್ವ್ ಐದು ಗಂಟೆಗೆ ಬಂದ. ಚಹಾ ಕೊಟ್ಟು ಹೇಳಿದೆ. ಒಂದೇ ಉಸಿರಿಗೆ, ಇಲ್ಲದಿದ್ದರೆ ಹೇಳಲಾಗುತ್ತಿರಲಿಲ್ಲ. ಅವನು ಕಪ್ಪನ್ನು ಮೇಜಿನ ಮೇಲೆ ಇಟ್ಟ, ಸದ್ದಿಲ್ಲದೆ.

"ಯಾವುದು?"

"ಹರಕು ಕಿವಿದು."

"ಅದು ಚೇತರಿಸ್ಕೊಳ್ತಿತ್ತು ಕಣೇ. ಮೂರು ದಿನದಿಂದ ಗಮನಿಸ್ತಿದ್ದೆ. ಅದೊಂದೇ."

ಒಳಗೆ ನೋಡಿದ್ದೇನೆ, ಅದು ಚೇತರಿಸಿಕೊಳ್ಳುವ ಹೊಟ್ಟೆಯಲ್ಲ ಎಂದು ಹೇಳಬೇಕಿತ್ತು.

ಮೇ 13

ಮಾತಿಲ್ಲ. ಟೋಸ್ಟ್ ಮಾಡಿಕೊಂಡು ತಿಂದ, ನನಗೂ ಒಂದು ಮಾಡಿ ಇಟ್ಟಿದ್ದ. ಆದರೆ ಮಾತಿಲ್ಲ.

ಮೇ 14

ಮೆರೆಆನ ತಟ್ಟೆ, ಹೊಟ್ಟೆಯ ತುಂಡು ಎರಡನ್ನೂ ತಂದು ಅವನ ಮುಂದಿಟ್ಟಳು. ಮರ್ವ್ ಕನ್ನಡಕ ಹುಡುಕಿದ. ತಲೆಯ ಮೇಲೇ ಇತ್ತು. ಹಾಕಿಕೊಂಡು ಕಿಟಕಿಯ ಬೆಳಕಿಗೆ ಹೋಗಿ ಬಗ್ಗಿ ನೋಡಿದ. ಬಹಳ ಹೊತ್ತು. ಅವನ ಹಿಂಗತ್ತು ಎಷ್ಟು ಸಣ್ಣಗಾಗಿದೆ ಎಂದು ನನಗೆ ಆಗ ಕಂಡಿತು.

"ಇಷ್ಟು ಸಣ್ಣದಾ," ಎಂದ.

ನಂತರ ಲೆಕ್ಕಾಚಾರದ ಮಾತು. ಎರಡೇ ದಾರಿ. ಇನ್ನೂ ಮೈಯಲ್ಲಿ ಸ್ವಲ್ಪ ಮಾಂಸ ಉಳಿದಿರುವವನ್ನು ಈ ವಾರವೇ ಕಸಾಯಿಖಾನೆಯ ಟ್ರಕ್ಕಿಗೆ ಹತ್ತಿಸುವುದು, ಹಿಂಡಿನ ಕಥೆ ಅಲ್ಲಿಗೆ ಮುಗಿಸುವುದು. ಇಲ್ಲವೇ ಬೇರೆ ಔಷಧಿ ಕೊಡುವುದು – ಮೂರು ಬಗೆಯದನ್ನು ಸೇರಿಸಿ, ಬಾಯಿಯ ಮೂಲಕ. ಅದನ್ನು ಕೊಟ್ಟ ಮೇಲೆ ಮೂರು ತಿಂಗಳು ಮಾಂಸಕ್ಕೆ ಕಳಿಸುವಂತಿಲ್ಲ. ಟ್ರಕ್ಕಿನ ಬಾಗಿಲು ಮುಚ್ಚಿದ ಹಾಗೆ. ಔಷಧಿ ಹುಳವನ್ನು ಖಂಡಿತ ಕೊಲ್ಲುತ್ತದೆ, ಎಂದಳು ಮೆರೆಆನ. ಹಾಳಾದ ಹೊಟ್ಟೆ ಮತ್ತೆ ಬೆಳೆಯುತ್ತದೋ ಇಲ್ಲವೋ ಹೇಳಲಾರೆ, ಚಳಿಗಾಲ ಬೇರೆ ತಲೆಯ ಮೇಲಿದೆ.

ಔಷಧಿ, ಎಂದ ಮರ್ವ್. ಯೋಚಿಸಲೂ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಅಲ್ವೇನೇ?" ಎಂದ. ಎರಡು ದಿನದ ಮೇಲೆ ನನ್ನ ಜೊತೆ ಮೊದಲ ಮಾತು.

ಹೌದು, ಎಂದೆ.

ಮೇ 16

ಕುಡಿಸಿದ್ದಾಯಿತು. ಶೆಡ್ಡಿನ ಕಟಕಟೆಯಲ್ಲಿ ಹಿಡಿದು ನಿಲ್ಲಿಸಿ ಒಂದೊಂದರ ನಾಲಿಗೆಯ ಹಿಂದಕ್ಕೂ. ಒದೆಯಬಹುದೆಂದು ಡೆಸ್‌ನನ್ನೂ ಕರೆದಿದ್ದೆವು. ಯಾವುದೂ ಒದೆಯಲಿಲ್ಲ. ಡೆಸ್ ಇಡೀ ದಿನ ಒಂದು ತಮಾಷೆಯನ್ನೂ ಮಾಡಲಿಲ್ಲ, ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು.

ಎಲ್ಲವನ್ನೂ ಗುಡ್ಡಕ್ಕೆ ಹೊಡೆದೆವು. ಅಲ್ಲಿನ ಹುಲ್ಲಿನಲ್ಲಿ ಹುಳ ಕಡಿಮೆ. ಗೇಟು ಹಾಕಿ ಬಂದು ಮುಂದಿನ ಹುಲ್ಲುಗಾವಲಿಗೆ ಡೆಸ್‌ನ ಕುರಿಗಳನ್ನು ಬಿಟ್ಟೆವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಕುರಿಗಳು ಖುಷಿಯಾಗಿ ಮೇಯುತ್ತಿವೆ.

ಮೇ 23, ಶನಿವಾರ

ಹಿಕ್ಕೆ ಗಟ್ಟಿಯಾಗಿದೆ. ಮರ್ವ್ ಜೇಬಿನಲ್ಲಿ ಹಾಕಿಕೊಂಡು ಬಂದು ನನ್ನ ಅಂಗೈಗೆ ಸುರಿದ. ಕಪ್ಪಗೆ, ಒಣಗಿ, ಉರುಟಾಗಿ. ಎಡಿತ್‌ದು ಅಂತೆ. ಅರವತ್ತು ದಾಟಿದ ಇಬ್ಬರು ಅಡುಗೆಮನೆಯಲ್ಲಿ ಜಿಂಕೆಯ ಹಿಕ್ಕೆ ಹಿಡಿದುಕೊಂಡು ನಗುವುದನ್ನು ಯಾರಾದರೂ ನೋಡಿದ್ದರೆ!

ರಾತ್ರಿ ಎರಡು ತಟ್ಟೆ ಸೂಪ್ ಕುಡಿದ. ಬರುವ ವಸಂತಕ್ಕೆ ಎಡಿತ್ ಮರಿ ಹಾಕಿದರೆ ಏನು ಹೆಸರಿಡುವುದು ಎಂದು ಕೇಳಿದ. ನೀನೇ ಇಡು, ಎಂದೆ.

ಜೂನ್ 9

ಬರೆಯದೆ ಎರಡು ವಾರ ದಾಟಿತು. ಬರೆಯುವಂಥದ್ದು ಇರಲಿಲ್ಲ. ಇತ್ತು, ಬರೆಯಲು ಮನಸ್ಸಿರಲಿಲ್ಲ.

ಹಿಕ್ಕೆ ಈಗಲೂ ಚೆನ್ನಾಗಿದೆ. ಹುಳ ಇಲ್ಲ. ಮೈ ಮಾತ್ರ ಹಿಡಿಯುತ್ತಿಲ್ಲ. ತಿಂದದ್ದು ಮೈಗೆ ಹತ್ತುತ್ತಿಲ್ಲ, ಹೊಟ್ಟೆಗೆ ಅರಗಿಸುವ ಶಕ್ತಿ ಉಳಿದಿಲ್ಲ. ಮೊನ್ನೆ ಹಿಮ ಬಿತ್ತು, ಗುಡ್ಡದ ಅರ್ಧದವರೆಗೆ. ಕೆಂಪು ಜಿಂಕೆಗಳು ಹಿಮವನ್ನು ಕಾಲಿನಿಂದ ಕೆದಕಿ ತಿನ್ನುತ್ತವೆ. ನಮ್ಮವು ಬೇಲಿಗೆ ಒರಗಿ ನಿಂತಿದ್ದವು. ಮೈಮೇಲೆ ಕೊಬ್ಬಿಲ್ಲದೆ ಆ ಗಾಳಿಯಲ್ಲಿ... ಕೆಳಗೆ ತಂದರೆ ಹುಳದ ಹುಲ್ಲು, ಮೇಲೆ ಬಿಟ್ಟರೆ ಚಳಿ. ಕೆಳಗೇ ತಂದೆವು, ಹಿಂದಿನ ಸಣ್ಣ ಅಂಗಳಕ್ಕೆ. ಒಣಹುಲ್ಲು, ಟರ್ನಿಪ್, ಬಾರ್ಲಿ. ಶೆಡ್ಡಿನ ಒಂದು ಬದಿಯ ಹಲಗೆ ತೆಗೆದು ಗಾಳಿಗೆ ಮರೆ ಮಾಡಿದ್ದಾನೆ ಮರ್ವ್.

ಜಾರ್ಜ್ ಶನಿವಾರ ಹೋಯಿತು. ಮರ್ವ್ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಕೊಂಬು ತೆಗೆದಿಡೋಣ, ಬೆಲೆ ಬರುತ್ತದೆ ಎಂದ ಡೆಸ್. ಮರ್ವ್ ಅವನನ್ನು ನೋಡಿದ ರೀತಿಗೆ ಡೆಸ್ ಗುದ್ದಲಿ ತರಲು ಹೋದ.

ಜೂನ್ 18

ಟ್ರಕ್ಕಿಗಾದರೂ ಹತ್ತಿಸಿದ್ದರೆ ಇಷ್ಟು ಹಿಂಸೆ ಇರುತ್ತಿರಲಿಲ್ಲ, ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡೆ. ನಾನೂ ಹೌದು ಎಂದವಳೇ.

ಮರ್ವ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

ಜೂನ್ 22

ಎಡಿತ್‌ನ ಮರಿಯೂ. ಬೆಳಿಗ್ಗೆ ಎಬ್ಬಿಸಿ ನಿಲ್ಲಿಸಿದೆವು, ಮಧ್ಯಾಹ್ನ ಮತ್ತೆ ಮಲಗಿತು. ಸಂಜೆ ಏಳಲಿಲ್ಲ.

ಮೆರೆಆನ ಬಂದು ಎಲ್ಲದರ ಕಣ್ಣಿನ ರೆಪ್ಪೆ ಮಗುಚಿ ನೋಡಿದಳು. ಬಿಳಿಚಿಕೊಂಡಿವೆ. ನಿಂತಿರುವವು ಬರೀ ಅಭ್ಯಾಸಕ್ಕೆ ನಿಂತಿವೆ, ಎಂದಳು. ಇಂಜೆಕ್ಷನ್ ಕೊಟ್ಟು ನಾನೇ ಮಲಗಿಸುತ್ತೇನೆ ಎಂದಳು. ಮರ್ವ್, ಬೇಡ, ಅಪರಿಚಿತರ ಕೈಯಲ್ಲಿ ಬೇಡ, ಎಂದ. ಅವಳಿಗೆ ನೋವಾಯಿತು, ತೋರಿಸಲಿಲ್ಲ. ಹೋಗುವಾಗ ನನ್ನ ಹಣೆಗೆ ಹಣೆ, ಮೂಗಿಗೆ ಮೂಗು ಒತ್ತಿ ನಿಂತಳು, ಈ ನೆಲದ ಮೂಲನಿವಾಸಿಗಳಾದ ಅವರ ಕಡೆಯವರು ಸಾವಿನ ಮನೆಯಲ್ಲಿ ಮಾಡುವ ಹಾಗೆ. ನಾನು ಅತ್ತೆ. ಇಷ್ಟು ದಿನಕ್ಕೆ ಈಗ.

ಜೂನ್ 24, ಬುಧವಾರ

ಹಿಮ ಇಲ್ಲ, ಗಾಳಿಯೂ ಇಲ್ಲ. ಬಿಸಿಲಿದೆ.

ಮರ್ವ್ ತಿಂಡಿ ತಿಂದು ಕ್ಷೌರ ಮಾಡಿಕೊಂಡ. ಯಾಕೆ ಎಂದು ಕೇಳಲಿಲ್ಲ. ಗನ್ ತೆಗೆದುಕೊಂಡು ಹಿಂದಿನ ಅಂಗಳಕ್ಕೆ ಹೋದ. ನೀನು ಬರಬೇಡ ಎಂದ. ನಾನು ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಒಂದು ಗುಂಡಿನ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮತ್ತೆ ಒಂದು. ನಡುವೆ ಅವನು ಏನೋ ಮಾತಾಡುತ್ತಿದ್ದ. ಒಂದೊಂದಕ್ಕೂ ಹೆಸರು ಹಿಡಿದು ಏನೋ ಹೇಳುತ್ತಿದ್ದ, ಮಾತು ತಿಳಿಯುತ್ತಿರಲಿಲ್ಲ.

ಈಗ ಸ್ವಲ್ಪ ಹೊತ್ತಿನ ಹಿಂದೆ ಬಂದ. ಬೂಟು ಬಿಚ್ಚದೆ ಅಡುಗೆಮನೆಯ ನಡುವೆ ಬಂದು ನಿಂತ. ಗನ್ ಮೇಜಿನ ಮೇಲೆ ಇಟ್ಟ, ನಾನು ಬರೆಯುತ್ತಿರುವ ಇದೇ ಮೇಜು.

"ಎಡಿತ್ ನನ್ನ ಹಿಂದೆ ಹಿಂದೇನೇ ಬರ್ತಿದಾಳೆ ನೋಲಿ. ಮೇವು ತಂದಿದೀನಿ ಅಂದ್ಕೊಂಡು ಜೇಬು ಮೂಸ್ತಾಳೆ. ಬೇರೆ ಎಲ್ಲ ಆಯ್ತು. ಅವಳೊಬ್ಬಳೇ."

ಬಿಟ್ಟುಬಿಡೋಣ ಅವಳನ್ನು, ಎಂದೆ. ಅವನು ಆಗದೆಂದು ತಲೆಯಾಡಿಸಿದ. ಒಂಟಿಯಾಗಿ ಇನ್ನೆರಡು ರಾತ್ರಿ ಆ ಚಳಿಯಲ್ಲಿ ಹಾಗೇ ನಿಂತು, ಆಮೇಲೆ ಬಿದ್ದು... ಅದು ನನಗೂ ಗೊತ್ತಿರುವುದೇ. ಗೊತ್ತಿದ್ದೇ ಅಂದೆ.

ಚಹಾ ಸುರಿದು ಕೊಟ್ಟೆ, ಕುಡಿಯಲಿಲ್ಲ. ಈಗ ಸಿಂಕಿನಲ್ಲಿ ಕೈ ತೊಳೆಯುತ್ತಿದ್ದಾನೆ. ನಲ್ಲಿ ನಿಲ್ಲಿಸುತ್ತಲೇ ಇಲ್ಲ. ಹಿಂದಿನ ಕಿಟಕಿಯಿಂದ ಎಡಿತ್ ಕಾಣುತ್ತದೆ. ಗೇಟಿನ ಬಳಿ ನಿಂತು ಮನೆಯ ಕಡೆ ನೋಡುತ್ತಿದೆ. ಅಷ್ಟು ಎತ್ತರದ ಪ್ರಾಣಿ, ಬಿಸಿಲಿಗೆ ಕಣ್ಣು ಮುಚ್ಚಿ ಮುಚ್ಚಿ ತೆರೆಯುತ್ತಿದೆ.

ನಾನು ಗನ್ ಹಿಡಿದು ವರ್ಷಗಳಾದವು. ಕೈ ಮರೆತಿರಲಿಕ್ಕಿಲ್ಲ. ಬೂಟು ಹಾಕಿಕೊಂಡಿದ್ದೇನೆ. ಪಾತ್ರೆಯಲ್ಲಿ ಬಾರ್ಲಿ ಹಾಕಿ ಪಾಕ ಸುರಿದಿದ್ದೇನೆ, ಅವನು ಸುರಿಯುವುದಕ್ಕಿಂತ ಜಾಸ್ತಿ. ಗೇಟಿನ ಬಳಿಯೇ ಇಟ್ಟು, ತಲೆ ತಗ್ಗಿಸಿ ತಿನ್ನಲು ಶುರು ಮಾಡಿದ ಮೇಲೆ ನಾನೇ ಹೊಡೆಯಬೇಕು. ಅವನು ನಲ್ಲಿ ನಿಲ್ಲಿಸುವುದರೊಳಗೆ.